ಚಿತ್ರದ ಬೆನ್ನಿಗೊಂದು ಹೆಸರು

ನಮ್ಮ ಮನೆಯ ಟ್ರಂಕಿನಲ್ಲಿ ಅಮ್ಮನ ಮದುವೆಯ ಗ್ರೂಪ್ ಫೋಟೋ ಇದೆ. ಕುರ್ಚಿಯಲ್ಲಿ ಕುಳಿತ ಗಂಡಸರನ್ನು ‘ಇವರು ಶಾನುಭೋಗರು, ಇವರು ಮೇಷ್ಟ್ರು’ ಎಂದು ಮನೆಯವರು ಇಂದಿಗೂ ಗುರುತಿಸುತ್ತಾರೆ. ಹಿಂದೆ ನಿಂತ ಹೆಂಗಸರನ್ನು ಕೇಳಿದರೆ, ‘ಯಾರೋ, ಅವರ ಮನೆಯವರಿರಬೇಕು’ ಎನ್ನುತ್ತಾರೆ. ಆ ‘ಯಾರೋ’ ನನ್ನನ್ನು ಚುಚ್ಚಿದ್ದು ಮೈಸೂರಿನಲ್ಲಿ, ಒಂದು ಭಾನುವಾರ ಬೆಳಗ್ಗೆ.

ನಮ್ಮ ಬಡಾವಣೆಯ ಚಿತ್ರಕಲಾವಿದರೊಬ್ಬರು, ‘ಹಳೆಯ ಪೇಟೆಯಲ್ಲಿ ನಡೆಯುತ್ತ ಫೋಟೋ ತೆಗೆಯೋಣ ಬನ್ನಿ’ ಎಂದು ಕರೆದಿದ್ದರು. ಹದಿನೈದು ಜನ ಸೇರಿದೆವು; ಹೆಚ್ಚಿನವರು ನನ್ನಂತೆ ಡಿಕಾಕ್ಷನ್ ಹಾಕಿಟ್ಟು ಓಡಿಬಂದ ಹೆಂಗಸರು. ದೊಡ್ಡ ಗಡಿಯಾರದ ಕೆಳಗೆ ನಿಲ್ಲಿಸಿ, ‘ಹತ್ತು ನಿಮಿಷ ಯಾರೂ ಕ್ಯಾಮೆರಾ ಎತ್ತಬಾರದು, ಬರೀ ನೋಡಿ’ ಎಂದರು. ನಲವತ್ತು ವರ್ಷ ಅದರ ಕೆಳಗೇ ಬಸ್ಸಿಗೆ ಓಡಿದವಳಿಗೆ ಅದರಲ್ಲಿ ಕನ್ನಡ ಅಂಕಿಗಳಿರುವುದು ಅಂದೇ ಕಂಡದ್ದು! ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ ಗೋಪುರ ಅದು.

ಚಿಕ್ಕ ಗಡಿಯಾರ ವೈಸ್‌ರಾಯ್ ಡಫರಿನ್ನರ ನೆನಪಿನದು. ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಇನ್ನೊಬ್ಬ ವೈಸ್‌ರಾಯರ ಹೆಸರು. ನಾನು ಕಾಲೇಜಿಗೆ ಹಳೆಯ ಪುಸ್ತಕ ಕೊಂಡಿದ್ದು ಅಲ್ಲಿನ ಅಂಗಡಿಗಳಲ್ಲಿ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಎರಡು ದಿನ ಇದ್ದು ಹೋದ ದೊರೆಗಳ ಹೆಸರು ಊರಿನ ಬಾಯಲ್ಲಿದೆ; ಸತ್ತ ನಾಲ್ವರ ಹೆಸರು ನನಗೂ ನೆನಪಿಲ್ಲ.

ದಾರಿಯಲ್ಲಿ ಕಲಾವಿದರು ಇನ್ನೊಂದು ಸಂಗತಿ ಹೇಳಿದರು. ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರಲ್ಲೇ ಹಳೇಬೀಡು, ಬೇಲೂರುಗಳ ಫೋಟೋ ತೆಗೆದಿದ್ದನಂತೆ. ಆಗಿನ ಕ್ಯಾಮೆರಾಕ್ಕೆ ಬಹಳ ಹೊತ್ತು ಬೆಳಕು ಬೇಕಿತ್ತು; ಅಲುಗಾಡಿದವರು ಚಿತ್ರದಲ್ಲಿ ಮೂಡುತ್ತಿರಲಿಲ್ಲ. ಕಲ್ಲು ಅಲುಗಾಡದು, ಅದು ಉಳಿಯಿತು. ಕೆಲಸ ಮಾಡುವ ಹೆಂಗಸು ಅಲುಗಾಡದೆ ನಿಂತದ್ದುಂಟೇ ಎಂದುಕೊಂಡೆ.

ದೇವರಾಜ ಮಾರುಕಟ್ಟೆ ತಲುಪಿದೆವು. ಅದರ ಉತ್ತರ ಬಾಗಿಲಿನ ಭಾಗ 2016ರಲ್ಲಿ ಬಿದ್ದಿತ್ತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ಆ ಮೇಲೆ ವರ್ಷಗಟ್ಟಲೆ ನಡೆಯಿತು. ಒಳಗೆ ಕುಂಕುಮದ ಗೋಪುರಗಳು, ವೀಳ್ಯದೆಲೆ, ಮಲ್ಲಿಗೆ. ಸೂರಿನ ಸಂದಿಯಿಂದ ಓರೆಯಾಗಿ ಬಿದ್ದ ಬಿಸಿಲಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯ ಕೈಗಳು. ಫೋನು ಎತ್ತಿದೆ. ‘ಕೇಳಿ ತೆಗೀರಿ’ ಎಂದರು ಕಲಾವಿದರು.

ಕೇಳಿದೆ. ಅಜ್ಜಿ ಕೈ ನಿಲ್ಲಿಸದೆಯೇ, ‘ತಗೋಳವ್ವ. ಎಷ್ಟೋ ಜನ ತಗೊಂಡೋಗವ್ರೆ. ಒಬ್ರಾದ್ರೂ ತಂದು ತೋರ್ಸಿಲ್ಲ. ಯಾರ್ ಮನೇಲಿ ಕೂತಿದ್ದೀನೋ ನಾನು!’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮದುವೆಯ ಫೋಟೋದ ಹಿಂದಿನ ಸಾಲು ಕಣ್ಣ ಮುಂದೆ ಬಂತು.

ಮುಂದಿನ ಭಾನುವಾರ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋದೆ. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು ಚಿತ್ರ ಹಿಡಿದರು, ಪಕ್ಕದ ಅಂಗಡಿಗೆಲ್ಲ ತೋರಿಸಿ ಬಂದರು. ‘ಹಿಂದ್ಗಡೆ ನನ್ನೆಸ್ರು ಬರ್ಕೊಡವ್ವ, ಮೊಮ್ಮಕ್ಳಿಗೆ ಇರ್ಲಿ’ ಎಂದರು. ಬರೆದುಕೊಟ್ಟೆ. ದುಡ್ಡು ಬೇಡವೆಂದು ಒಂದು ಮೊಳ ಮಲ್ಲಿಗೆ ಹೆಚ್ಚಿಗೆ ಹಾಕಿದರು.

ಆ ಮಧ್ಯಾಹ್ನವೇ ಟ್ರಂಕಿನ ಫೋಟೋ ತೆಗೆದುಕೊಂಡು ದೊಡ್ಡಮ್ಮನ ಮನೆಗೆ ಹೋದೆ. ಅಮ್ಮ ಹೋಗಿ ಆರು ವರ್ಷ. ಅಕ್ಕನಾದ ದೊಡ್ಡಮ್ಮನಿಗೆ ಎಂಬತ್ತೆಂಟು. ಭೂತಗನ್ನಡಿ ಹಿಡಿದು ಒಂದೊಂದೇ ಮುಖದ ಮೇಲೆ ಬೆರಳಿಟ್ಟರು. ‘ಇವಳು ಹಾಡುತ್ತಿದ್ದಳು, ಇವಳು ಬಾಣಂತನದಲ್ಲೇ ಹೋದಳು.’ ಇಂಕು ಮುಂದಕ್ಕೆ ಇಳಿದೀತೆಂದು ಪೆನ್ಸಿಲಿನಲ್ಲಿ ಹಗುರವಾಗಿ ಬರೆದುಕೊಂಡೆ. ಹನ್ನೊಂದು ಹೆಂಗಸರಲ್ಲಿ ಏಳು ಹೆಸರು ಸಿಕ್ಕವು. ನಾಲ್ಕು ಸಿಗಲಿಲ್ಲ. ‘ಇನ್ನು ಹತ್ತು ವರ್ಷ ಮೊದಲೇ ಕೇಳಬಾರದಿತ್ತೇನೇ?’ ಎಂದರು ದೊಡ್ಡಮ್ಮ.

ನಿಮ್ಮ ಮನೆಯಲ್ಲೂ ಅಂಥ ಟ್ರಂಕು ಇದ್ದೀತು. ಹೇಳುವವರು ಇರುವಾಗಲೇ ತೆರೆಯಿರಿ.