ನೀರಿನೊಳಗಿನ ಉಂಗುರ

ಮೊನ್ನೆ ಕುಷ್ಟಗಿಗೆ ಹೋದಾಗ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ನೀರು ತಂದಿಟ್ಟ ಅವ್ವ "ಏನ್ ಓದಾಕತ್ತೀಪಾ?" ಅಂದಳು. "ನೀರಿನ್ಯಾಗ ಅಣು ಹೆಂಗ ಕುಂತಿರ್ತಾವು ಅಂತ ಫೋಟೋ ತಗದಾರವ್ವ" ಅಂದೆ. "ನೀರು ಎಲ್ಲೆರ ಕುಂದ್ರತೈತೇನು?" ಅಂತ ನಕ್ಕಳು.

ನೂರು ವರ್ಷದ ಹಿಂದೆ ವಿಜ್ಞಾನಿಗಳಿಗೂ ಇದೇ ಗೊಂದಲವಿತ್ತು. ಉಪ್ಪಿನ ಹರಳಿಗೆ ಎಕ್ಸ್-ರೇ ಹಾಯಿಸಿದರೆ ಪ್ಲೇಟಿನ ಮೇಲೆ ಸ್ಪಷ್ಟ ಚುಕ್ಕೆ ಬೀಳುತ್ತವೆ, ಅದರಿಂದ ಪರಮಾಣುಗಳ ಜಾಗ ಲೆಕ್ಕ ಹಾಕಬಹುದು. ದ್ರವಕ್ಕೆ ಹಾಯಿಸಿದರೆ ಬರೋದು ಒಂದು ಮಸುಕು ಉಂಗುರ. 1923ರಲ್ಲಿ ಕಲ್ಕತ್ತಾದಲ್ಲಿದ್ದ ಸಿ.ವಿ. ರಾಮನ್ ಮತ್ತು ಕೆ.ಆರ್. ರಾಮನಾಥನ್ ಆ ಉಂಗುರಕ್ಕೆ ಅರ್ಥ ಹುಡುಕಿದರು. ದ್ರವದ ಅಣುಗಳು ಸಾಲಾಗಿ ನಿಲ್ಲೋದಿಲ್ಲ, ಆದರೆ ಅಕ್ಕಪಕ್ಕದವುಗಳ ನಡುವೆ ಸರಾಸರಿ ಒಂದು ಅಂತರ ಇರುತ್ತೆ. ಗಂಗಾವತಿ ಬಸ್‌ಸ್ಟ್ಯಾಂಡ್ ಹಾಗೆ ಅನ್ನಿ... ಸಾಲಿಲ್ಲ, ಆದರೂ ಯಾರೂ ಯಾರ ಮೇಲೂ ನಿಂತಿರಲ್ಲ (ಬಸ್ ಬರೋವರೆಗೆ!).

ಮುಂದಿನ ಕಥೆ ಬೆಂಗಳೂರಿನದು. ರಾಮನ್‌ರ ಸೋದರಳಿಯ ಎಸ್. ಚಂದ್ರಶೇಖರ್ (ನೊಬೆಲ್ ಪಡೆದ ಖಗೋಳ ವಿಜ್ಞಾನಿ ಅಲ್ಲ, ಇವರು ಬೇರೆ) ಮೈಸೂರು ವಿಶ್ವವಿದ್ಯಾಲಯದಿಂದ 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಹರಳುಗಳ ಪ್ರಯೋಗಾಲಯ ಕಟ್ಟಿದರು. ಕಡ್ಡಿಯಂಥ ಅಣುಗಳಿಂದ ಮಾತ್ರ ದ್ರವಹರಳು ಆಗುತ್ತೆ ಅನ್ನೋದು ಆಗಿನ ತಿಳಿವಳಿಕೆ. 1977ರಲ್ಲಿ ಇವರು, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಸೇರಿ ತಟ್ಟೆಯಂಥ ಅಣುಗಳಿಂದಲೂ ಆಗುತ್ತೆ ಅಂತ ತೋರಿಸಿದರು. ಎಕ್ಸ್-ರೇ ಚಿತ್ರದಲ್ಲಿ ಕಂಡದ್ದು ಜೋಳದ ರೊಟ್ಟಿ ಪೇರಿಸಿಟ್ಟಂಥ ಕಂಬಗಳು. ಪ್ರಕಟವಾದದ್ದು ನಮ್ಮದೇ 'ಪ್ರಮಾಣ' ಪತ್ರಿಕೆಯಲ್ಲಿ. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ಫಿಲ್ಮ್‌ಗೆ ಮುಂದೆ ಇಂಥ ಅಣುಗಳೇ ಬಳಕೆಯಾದವು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದೆ, ದಿನಾ ಪರದೆ ಮುಂದೇ ಕೂರ್ತೀನಿ, ಆದರೆ ಕ್ಲಾಸಿನಲ್ಲಿ ಈ ಹೆಸರುಗಳನ್ನ ಒಮ್ಮೆಯೂ ಕೇಳಲಿಲ್ಲ. ಅದೇ ಬೇಜಾರು.

ಇವೆಲ್ಲ ಸರಾಸರಿ ಚಿತ್ರಗಳು. ಅಣು ಅಲುಗಾಡೋದನ್ನ ಹಿಡಿಯೋಕೆ ಫೆಮ್ಟೋಸೆಕೆಂಡ್ ಬೇಕು, ಅಂದರೆ ಸೆಕೆಂಡನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದರೆ ಒಂದು ಭಾಗ. ಎಲೆಕ್ಟ್ರಾನ್‌ಗಳನ್ನು ಅಷ್ಟು ಚಿಕ್ಕ ಕಂತುಗಳಲ್ಲಿ ಹಾರಿಸಬಹುದು, ಆದರೆ ದ್ರವ ಸ್ವಲ್ಪ ದಪ್ಪವಿದ್ದರೂ ಅವು ಆಚೆ ಬರೋ ಹೊತ್ತಿಗೆ ಚಿತ್ರವೇ ಕಲಸಿಹೋಗುತ್ತೆ. ಕ್ಯಾಲಿಫೋರ್ನಿಯಾದ ಸ್ಲ್ಯಾಕ್‌ನಲ್ಲಿ ನೀರನ್ನೇ ಸುಮಾರು 100 ನ್ಯಾನೋಮೀಟರ್ ತೆಳುವಿನ ಹಾಳೆಯಾಗಿ ಹರಿಸಿದರು. ಲೇಸರ್ ಏಟು ಬಿದ್ದ ಕೂಡಲೇ ಅಣು ಪಕ್ಕದ ಅಣುವನ್ನು ಒಂದಿಷ್ಟು ಒಳಗೆ ಎಳೆದು, ಆಮೇಲೆ ಹೊರಗೆ ದೂಡಿದ್ದು 2021ರಲ್ಲಿ ವರದಿಯಾಯಿತು.

ಅವ್ವನಿಗೆ ಅದರ ಚಿತ್ರ ತೋರಿಸಿದೆ. "ಇಷ್ಟೆಲ್ಲಾ ಮಾಡಿದ್ರೂ ಬಂದಿದ್ದು ಉಂಗುರಾನs ಏನು?" ಅಂದಳು. ಹೂಂ ಅಂದೆ.