‘ನರ’ ಹಿಡಿದ ಕಾಲು, ‘ಸ್ನಾಯು’ವಿನ ಪಾಠ: ಒಂದು ಪದಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ.)

ನಾನು ದಾಬೋಲಿಮ್‌ನ ಮನೆಯಿಂದ ಮಾತಾಡ್ತಾ ಇದ್ದೇನೆ. ವಿಮಾನ ನಿಲ್ದಾಣ ಪಕ್ಕದಲ್ಲೇ ಇರೋದರಿಂದ ನಡುನಡುವೆ ಸದ್ದು ಬರಬಹುದು, ದಯವಿಟ್ಟು ಸಹಿಸಿಕೊಳ್ಳಿ.

ಕನ್ನಡ ಎಂ.ಎ. ವಿದ್ಯಾರ್ಥಿಗೂ ಸ್ನಾಯು ಅಂಗಾಂಶಕ್ಕೂ ಏನು ಸಂಬಂಧ ಅಂತ ವಿಷಯ ಕೊಟ್ಟಾಗಲೇ ಕೆಲವರು ಕೇಳಿದ್ದರು. ಸಂಬಂಧ ಎರಡು. ಒಂದು, ನನ್ನ ತಂಗಿ ನರ್ಸಿಂಗ್ ಮೊದಲ ವರ್ಷದಲ್ಲಿದ್ದಾಳೆ. ಅವಳ ಅಂಗರಚನೆ, ಅಂಗಕ್ರಿಯೆಯ ಪುಸ್ತಕ ಇಂಗ್ಲಿಷಿನದು, ಅವಳು ಅರ್ಥ ಮಾಡಿಕೊಳ್ಳೋದು ಕನ್ನಡದಲ್ಲಿ, ಕಾಲೇಜಿನಲ್ಲಿ ಗೆಳತಿಯರ ಜೊತೆ ಚರ್ಚೆ ಹಿಂದಿ, ಕೊಂಕಣಿಯಲ್ಲಿ. ಎರಡನೆಯದು ನಮ್ಮ ಅಪ್ಪನ ಕಾಲು. ಅದರಿಂದಲೇ ಶುರು ಮಾಡುತ್ತೇನೆ.

ಅಪ್ಪ ಬಾಗಲಕೋಟೆ ಕಡೆಯವರು. ಇಲ್ಲಿಗೆ ಬಂದು ಕಟ್ಟಡದ ಕೆಲಸ ಮಾಡಿದವರು. ಎರಡು ವರ್ಷದ ಹಿಂದೆ ಸೊಂಟ ಉಳುಕಿ ಮೂರು ವಾರ ಹಾಸಿಗೆ ಹಿಡಿದರು. ಆಮೇಲೆ ಒಂದು ದಿನ ಬಲಗಾಲಿನ ಮೀನಖಂಡ ತೋರಿಸಿ, “ಇಲ್ಲಿ ನರ ಹಿಡದೈತಿ ನೋಡಪಾ” ಅಂದರು. ಅವ್ವ ಎಣ್ಣೆ ಕಾಸಿ ತಿಕ್ಕಿದಳು. ನೋವು ಇಳಿಯಲಿಲ್ಲ. ಆಸ್ಪತ್ರೆಗೆ ಕರಕೊಂಡು ಹೋದೆ. ಅಲ್ಲಿ ಅಪ್ಪನ ಮಾತು ಅವರಿಗೆ ತಿಳಿಯಲಿಲ್ಲ, ಅವರ ಮಾತು ಅಪ್ಪನಿಗೆ ತಿಳಿಯಲಿಲ್ಲ. ನಾನು ದುಭಾಷಿ. ‘ನರ’ ಎಂದರೆ ಇಂಗ್ಲಿಷಿನ ‘ನರ್ವ್’ ಅಂತ ಶಾಲೆಯಲ್ಲಿ ಕಲಿತದ್ದನ್ನೇ ಹೇಳಿದೆ. ಚೀಟಿಯಲ್ಲಿ ಅದೇ ಬರೆಯಲಾಯಿತು, ಅದಕ್ಕೆ ತಕ್ಕ ಮಾತ್ರೆ ಬಂತು. ನಾಲ್ಕು ದಿನಕ್ಕೆ ಕಾಲು ಕಂಬದ ಹಾಗೆ ಬಾತುಕೊಂಡಿತು. ಇನ್ನೊಂದು ಕಡೆ ಸ್ಕ್ಯಾನ್ ಮಾಡಿಸಿದಾಗ ಗೊತ್ತಾದದ್ದು: ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋಗಿದ್ದರೆ ಪ್ರಾಣಕ್ಕೇ ಬರುತ್ತಿತ್ತು. ಅಪ್ಪ ಉಳಿದರು, ಈಗ ಓಡಾಡ್ತಾರೆ. ಆದರೆ ಆ ದಿನ ತಪ್ಪು ಪದ ಕೊಟ್ಟವನು ನಾನು. ಪದಗಳನ್ನೇ ಓದುವವನು.

ಅಪ್ಪ ಹೇಳಿದ್ದು ತಪ್ಪಾ? ಈ ಪ್ರಬಂಧದ ಪ್ರಶ್ನೆ ಇಷ್ಟೇ.

ನಮ್ಮ ಆಡುಮಾತಿನಲ್ಲಿ ‘ನರ’ ಎಂಬ ಪದ ಎಲ್ಲೆಲ್ಲಿ ಬರುತ್ತದೆ ನೋಡಿ. ಸಲೈನ್ ಹಾಕುವಾಗ “ನರ ಸಿಗವಲ್ದು” ಅಂತೀವಿ, ಅದು ರಕ್ತನಾಳ. ನಿದ್ದೆಯಲ್ಲಿ ಕಾಲು ಸೆಟೆದುಕೊಂಡರೆ “ನರ ಹಿಡೀತು” ಅಂತೀವಿ. ಅದು ಸ್ನಾಯುವಿನ ಸೆಳೆತ. ಸೊಂಟದಿಂದ ಪಾದದ ತನಕ ನೋವು ಇಳಿದು ಜೋಮು ಹಿಡಿದರೆ “ನರದ ಬ್ಯಾನಿ” ಅಂತೀವಿ. ಅದು ನಿಜಕ್ಕೂ ನರ. ಸಣಕಲು ಮನುಷ್ಯನನ್ನು ‘ನರಪೇತಲ’ ಅಂತ ಕರೀತೀವಿ. ಅಂದರೆ ಚರ್ಮದ ಕೆಳಗೆ ಹುರಿಯ ಹಾಗೆ ಕಾಣುವ, ಹಗ್ಗದ ಹಾಗೆ ಬಿಗಿಯುವ, ಎಳೆಯ ಹಾಗೆ ಹರಿಯುವ ಎಲ್ಲವೂ ನರ. ಇದು ಅಂಗಗಳ ವರ್ಗೀಕರಣ ಅಲ್ಲ, ಆಕಾರ ಮತ್ತು ಅನುಭವದ ವರ್ಗೀಕರಣ. ಹಿಂದಿಯ ‘ನಸ್’ ಕೂಡ ಹೀಗೆಯೇ: ಸೂಜಿ ಚುಚ್ಚೋದೂ ನಸ್‌ಗೆ, ‘ಚಢೋದೂ’ ನಸ್ಸೇ. ತಮಿಳಿನ ‘ನರಂಬು’ ನರವೂ ಹೌದು, ವೀಣೆಯಂಥ ವಾದ್ಯದ ತಂತಿಯೂ ಹೌದು.

ಇದನ್ನು ಅನಕ್ಷರಸ್ಥರ ಗೊಂದಲ ಅಂತ ತಳ್ಳಿಹಾಕುವಂತಿಲ್ಲ. ಇಂಗ್ಲಿಷಿನ ‘ನ್ಯೂರಾನ್’ ಎಂಬ ಪದ ಹುಟ್ಟಿದ ಗ್ರೀಕ್ ಮೂಲಕ್ಕೆ ಮೊದಲಿದ್ದ ಅರ್ಥ ಸ್ನಾಯುರಜ್ಜು, ಬಿಲ್ಲಿನ ಹೆದೆ. ಲ್ಯಾಟಿನ್ನಿನ ‘ನೆರ್ವುಸ್’ ಕೂಡ ಅದೇ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹೀರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ಶವಗಳನ್ನು ಕೊಯ್ದು ನೋಡಿದ ಮೇಲೆಯೇ ಅಲ್ಲಿ ನರ ಬೇರೆ, ರಜ್ಜು ಬೇರೆ ಎಂಬುದು ಸ್ಪಷ್ಟವಾದದ್ದು. ಅಂದರೆ ಇವತ್ತು ವೈದ್ಯರು ಬಳಸುವ ಪದವೂ ಒಂದು ಕಾಲಕ್ಕೆ ನಮ್ಮಪ್ಪನ ‘ನರ’ದಷ್ಟೇ ಅಗಲವಾಗಿತ್ತು. ಕಣ್ಣಾರೆ ಕಂಡ ಮೇಲೆ ಪದ ಕಿರಿದಾಯಿತು.

ಈಗ ಶಾಸ್ತ್ರದ ಪದಕ್ಕೆ ಬರೋಣ. ತಂಗಿಯ ಪಾಠದಲ್ಲಿ ‘ಮಸಲ್’ ಇದೆ. ಕನ್ನಡ ಶಾಲಾ ಪುಸ್ತಕದಲ್ಲಿ ಅದು ‘ಸ್ನಾಯು’. ಆದರೆ ಸುಶ್ರುತ ಸಂಹಿತೆಯ ಶಾರೀರ ಸ್ಥಾನದಲ್ಲಿ ಸ್ನಾಯು ಎಂದರೆ ಮಸಲ್ ಅಲ್ಲ, ಕಟ್ಟು. ಅಲ್ಲಿ ಮಸಲ್‌ಗೆ ಹತ್ತಿರದ ಪದ ‘ಪೇಶಿ’. ಪೇಶಿಗಳು 500: ಕೈಕಾಲುಗಳಲ್ಲಿ 400, ನಡುಭಾಗದಲ್ಲಿ 66, ಕುತ್ತಿಗೆ ಮತ್ತು ಅದರ ಮೇಲೆ 34. ಹೆಂಗಸರಿಗೆ 20 ಹೆಚ್ಚು. ಸ್ನಾಯುಗಳು 900: ಕೈಕಾಲುಗಳಲ್ಲಿ 600, ನಡುಭಾಗದಲ್ಲಿ 230, ಮೇಲೆ 70. ಇಂದಿನ ಪಠ್ಯಗಳು ಹೇಳುವ ಮಸಲ್‌ಗಳ ಸಂಖ್ಯೆ 600ಕ್ಕೂ ಹೆಚ್ಚು. ಲೆಕ್ಕ ತಾಳೆಯಾಗುತ್ತದೋ ಇಲ್ಲವೋ ನನಗೆ ಮುಖ್ಯ ಅಲ್ಲ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಕೊಳೆಯಿಸಿ, ಕುಂಚದಿಂದ ಪದರ ಪದರವಾಗಿ ತಿಕ್ಕಿ ನೋಡಬೇಕು ಎಂದು ಹೇಳಿದ ಪರಂಪರೆ ಅದು. ಅಲ್ಲೂ ಕಂಡ ಮೇಲೆಯೇ ಪದ.

ಸ್ನಾಯು ಏನು ಮಾಡುತ್ತದೆ ಅನ್ನೋದಕ್ಕೆ ಸುಶ್ರುತ ಕೊಡುವ ಹೋಲಿಕೆ ದೋಣಿಯದು. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿ ನೀರಿನಲ್ಲಿ ಭಾರ ಹೊರುವ ಹಾಗೆ, ಕೀಲುಗಳನ್ನು ಸ್ನಾಯುಗಳು ಬಿಗಿದಿರುವುದರಿಂದಲೇ ದೇಹ ಭಾರ ಹೊರುತ್ತದೆ ಎಂಬುದು ಅದರ ಸಾರ. ಹಡಗು ಕಟ್ಟುವ ವಾಸ್ಕೋದ ಪಕ್ಕದಲ್ಲಿ ಕೂತು ಇದನ್ನು ಓದಿದಾಗ ತಂಗಿಗೆ ರಜ್ಜು, ಅಸ್ಥಿಬಂಧಗಳ ಪಾಠ ಒಂದೇ ಏಟಿಗೆ ಹತ್ತಿತು.

ಹಾಗಾದರೆ ‘ಕಟ್ಟು’ ಎಂಬ ಅರ್ಥದ ಸ್ನಾಯು ಕನ್ನಡದಲ್ಲಿ ಮಸಲ್ ಆಗಿ ನಿಂತಿದೆ. ಪಕ್ಕದ ಭಾಷೆಗಳನ್ನು ನೋಡಿದರೆ ವಿಷಯ ಇನ್ನೂ ಸ್ವಾರಸ್ಯ. ಮರಾಠಿಯಲ್ಲೂ ಸ್ನಾಯು ಮಸಲ್ಲೇ. ಆದರೆ ಅಲ್ಲಿ ‘ಪೇಶಿ’ ಎಂದರೆ ಜೀವಕೋಶ. ಹಿಂದಿಯಲ್ಲಿ ಮಸಲ್‌ಗೆ ‘ಮಾಂಸಪೇಶಿ’, ಮಲಯಾಳದಲ್ಲಿ ‘ಪೇಶಿ’. ಬಂಗಾಳಿಯಲ್ಲಿ ‘ಸ್ನಾಯು’ ಎಂದರೆ ನರ್ವ್. ತೆಲುಗಿನಲ್ಲಿ ಮಸಲ್‌ಗೆ ‘ಕಂಡರ’. ಸುಶ್ರುತನಲ್ಲಿ ‘ಕಂಡರಾ’ ಎಂದರೆ ದಪ್ಪ ರಜ್ಜು, ಅವು 16. ಗೋವೆಯ ಒಂದು ನರ್ಸಿಂಗ್ ತರಗತಿಯಲ್ಲಿ ಕೊಂಕಣಿ, ಮರಾಠಿ, ಮಲಯಾಳ, ಹಿಂದಿ, ಕನ್ನಡದ ಹುಡುಗಿಯರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಎಲ್ಲರ ಬಾಯಲ್ಲೂ ಸಂಸ್ಕೃತದ ಅದೇ ಪದ, ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅಂಗ! ಸಂಸ್ಕೃತದಿಂದ ತಂದ ಪಾರಿಭಾಷಿಕ ಪದ ಎಲ್ಲ ಭಾರತೀಯ ಭಾಷೆಗಳಿಗೂ ಸಾಮಾನ್ಯವಾಗಿರುತ್ತದೆ ಎಂಬ ವಾದವನ್ನು ನಾವು ಪತ್ರಿಕೆ ಪತ್ರಿಕೆಯಲ್ಲೂ ಓದುತ್ತೇವೆ. ಪದ ಸಾಮಾನ್ಯ ಇರಬಹುದು, ಅರ್ಥ ಅಲ್ಲ.

ಕನ್ನಡಕ್ಕೆ ವೈದ್ಯ ಸಾಹಿತ್ಯ ಹೊಸದಲ್ಲ. 12ನೇ ಶತಮಾನದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ ಇದೆ, ಪೂಜ್ಯಪಾದರ ಸಂಸ್ಕೃತ ಕೃತಿಯನ್ನು ಆಧರಿಸಿದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಇದೆ. 14ನೇ ಶತಮಾನದಲ್ಲಿ ವಿಷವೈದ್ಯಕ್ಕೆ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇದೆ. ಈ ಕೃತಿಗಳ ಗಮನ ಮುಖ್ಯವಾಗಿ ರೋಗ, ಔಷಧಗಳ ಕಡೆ. ಆಧುನಿಕ ಕಾಲದಲ್ಲಿ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು ‘ವಿಜ್ಞಾನ’ ಮಾಸಪತ್ರಿಕೆ ಶುರು ಮಾಡಿದರು. ಅನುಪಮಾ ನಿರಂಜನರ ‘ತಾಯಿ-ಮಗು’ ವೈದ್ಯರ ಮಾತನ್ನು ಅಡುಗೆಮನೆಯ ತನಕ ತಂದಿತು. ಇವೆಲ್ಲ ಬಲ್ಲವರು ತಿಳಿಯದವರಿಗೆ ಹೇಳುವ ದಾರಿ. ರೋಗಿ ಹೇಳಿದ್ದನ್ನು ಬಲ್ಲವರಿಗೆ ತಿಳಿಸುವ ಎದುರು ದಾರಿಯ ಪುಸ್ತಕ ನನ್ನ ಕೈಗೆ ಸಿಗಲಿಲ್ಲ.

ಗೋವೆಯಲ್ಲಿ ಈ ಎದುರು ದಾರಿಯ ಒಂದು ಹಳೆಯ ಉದಾಹರಣೆ ಇದೆ. 1563ರಲ್ಲಿ ಇಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಔಷಧಗಳ ಪುಸ್ತಕ ಸಂಭಾಷಣೆಯ ರೂಪದಲ್ಲಿದೆ. ಒಂದೊಂದು ಔಷಧಕ್ಕೂ ಈ ನೆಲದ ಜನ ಏನೆನ್ನುತ್ತಾರೆ ಎಂದು ಕೇಳಿ ಬರೆದಿಟ್ಟ ವೈದ್ಯ ಅವನು. ಅವನ ವಿಷಯ ಮೂಲಿಕೆ, ಸಾಂಬಾರ ಪದಾರ್ಥ, ದೇಹ ಅಲ್ಲ. 1842ರಲ್ಲಿ ಪಣಜಿಯಲ್ಲಿ ವೈದ್ಯಕೀಯ ಶಾಲೆ ಆರಂಭವಾದಾಗ ಪಾಠ ಪೋರ್ಚುಗೀಸಿನಲ್ಲಿ. 1961ರ ವಿಮೋಚನೆಯ ನಂತರ ಅದೇ ಗೋವಾ ವೈದ್ಯಕೀಯ ಕಾಲೇಜಾಯಿತು, ಪಾಠ ಇಂಗ್ಲಿಷಿಗೆ ಬಂತು. ಇತ್ತ 1880ರ ದಶಕದಲ್ಲಿ ಮುರಗಾವ್ ಬಂದರಿನಿಂದ ಕ್ಯಾಸಲ್‌ರಾಕ್ ಕಡೆಗೆ ರೈಲು ಹಳಿ ಬಿತ್ತು. ಬಂದರು, ಗಣಿ, ಕಟ್ಟಡಗಳ ಕೆಲಸಕ್ಕೆ ಉತ್ತರ ಕರ್ನಾಟಕದ ಜನ ಬಂದರು. ಸ್ನಾಯು ಬಲವನ್ನೇ ಮಾರಿ ಬದುಕಿದ ಜನ ಇವರು. ಆ ಸ್ನಾಯುವಿನ ವೈದ್ಯಕೀಯ ಪಾಠ ಇಲ್ಲಿ ನಡೆದದ್ದು ಇವರ ಮಾತಿನಲ್ಲಿ ಅಲ್ಲ.

ಇನ್ನು ಪಾಠದ ವಿಷಯ. ತಂಗಿಗೆ ನಾನು ಕನ್ನಡ ಟಿಪ್ಪಣಿ ಮಾಡಿಕೊಟ್ಟೆ, ವಿಷಯ ಸರಿ ಇದೆಯಾ ಅಂತ ಅವಳೇ ತಿದ್ದಿದಳು. ಸ್ನಾಯು ಅಂಗಾಂಶ ಮೂರು ಬಗೆ. ಎಲುಬಿಗೆ ಅಂಟಿದ್ದು ನಾವು ಹೇಳಿದಂತೆ ಕೇಳುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದರಲ್ಲಿ ಅಡ್ಡಗೆರೆ ಕಾಣುತ್ತವೆ. ಕರುಳು, ಗರ್ಭಕೋಶ, ರಕ್ತನಾಳಗಳ ಗೋಡೆಯಲ್ಲಿರುವುದು ನಯವಾದದ್ದು, ಗೆರೆಯಿಲ್ಲ, ನಮ್ಮ ಮಾತು ಕೇಳುವುದಿಲ್ಲ. ಹೃದಯದ್ದು ಗೆರೆಯುಳ್ಳದ್ದಾದರೂ ನಮ್ಮ ಮಾತು ಕೇಳುವುದಿಲ್ಲ, ದಣಿವೂ ಅದಕ್ಕಿಲ್ಲ. ಎಲುಬಿನ ಸ್ನಾಯು ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಇಂದು ಕಲಿಸುವ ವಿವರಣೆ ಬಂದದ್ದು 1954ರಲ್ಲಿ. ಇಬ್ಬರು ಹಕ್ಸ್‌ಲಿಗಳು, ಒಬ್ಬರು ನೀಡರ್‌ಗೆರ್ಕೆ ಜೊತೆ, ಇನ್ನೊಬ್ಬರು ಜೀನ್ ಹ್ಯಾನ್ಸನ್ ಜೊತೆ, ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದ್ದು. ಎಳೆಗಳು ಗಿಡ್ಡವಾಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಮಯೋಸಿನ್ ಎಳೆಯ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು ಜಗ್ಗುತ್ತವೆ, ಬಿಡುತ್ತವೆ, ಮುಂದೆ ಹಿಡಿಯುತ್ತವೆ. ಹಗ್ಗಜಗ್ಗಾಟದಲ್ಲಿ ಕೈ ಬದಲಿಸುವ ಹಾಗೆ. ಗಮನಿಸಿ, ಬಿಡುವುದಕ್ಕೂ ಎಟಿಪಿ ಎಂಬ ಶಕ್ತಿ ಬೇಕು. ಪ್ರಾಣ ಹೋದ ಮೇಲೆ ಎಟಿಪಿ ತೀರಿ, ಹಿಡಿದ ಕೈ ಹಿಡಿದಂತೆಯೇ ಉಳಿಯುತ್ತದೆ. ಹೆಣ ಸೆಟೆಯುವುದು ಅದಕ್ಕೇ. ಸತ್ತವರ ಕಣ್ಣು ಮುಚ್ಚಿ, ಗದ್ದಕ್ಕೆ ಬಟ್ಟೆ ಕಟ್ಟಿ, ಕೈಕಾಲು ನೇರ ಮಾಡಲು ನಮ್ಮ ಹಿರಿಯರು ಅವಸರ ಮಾಡುತ್ತಿದ್ದರಲ್ಲ, ನರ್ಸಿಂಗ್‌ನಲ್ಲೂ ಅದೇ ಕ್ರಮ. “ಅಜ್ಜಿ ತೀರಕೊಂಡಾಗ ಅತ್ತಿ ಮಾಡಿದ್ದು ಇದನ್ನ” ಅಂದಳು ತಂಗಿ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಕೊನೆಗೆ ಮೀನಖಂಡಕ್ಕೆ ಬಂದೆವು. ‘ಮಸಲ್’ ಪದದ ಲ್ಯಾಟಿನ್ ಮೂಲಕ್ಕೆ ‘ಪುಟ್ಟ ಇಲಿ’ ಎಂದರ್ಥ. ಮೀನಖಂಡದ ದೊಡ್ಡ ಸ್ನಾಯುವಿನ ಗ್ರೀಕ್ ಹೆಸರಿಗೆ ‘ಕಾಲಿನ ಹೊಟ್ಟೆ’ ಎಂದರ್ಥ. ಕನ್ನಡಿಗರು ಅಲ್ಲಿ ಮೀನನ್ನು ಕಂಡರು. ನಡುವೆ ಉಬ್ಬಿ ತುದಿಗೆ ಸಪೂರವಾದ ಈ ಮೀನು ನಡೆಯುವಾಗ ಕುಗ್ಗಿ ಹಿಗ್ಗಿ, ಪಕ್ಕದ ರಕ್ತನಾಳಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮೀನು ಮೂರು ವಾರ ಅಲ್ಲಾಡದಿದ್ದರೆ ರಕ್ತ ಅಲ್ಲೇ ನಿಲ್ಲುತ್ತದೆ, ಹೆಪ್ಪುಗಟ್ಟಬಹುದು. ಹಾಸಿಗೆ ಹಿಡಿದವರಿಗೆ ಪಾದ ಮೇಲೆ ಕೆಳಗೆ ಆಡಿಸಿ ಅಂತ ನರ್ಸ್ ಹೇಳೋದು ಇದಕ್ಕೇ. ಈ ಸಾಲು ಓದುವಾಗ ತಂಗಿ ಪುಸ್ತಕ ಮುಚ್ಚಿ ಹೊರಗೆ ಹೋದಳು. ಅಪ್ಪನ ವಿಷಯದಲ್ಲಿ ಸ್ನಾಯು ಸುಮ್ಮನಿತ್ತು, ರಕ್ತನಾಳ ಕಟ್ಟಿತ್ತು, ಬಾಯಿ ‘ನರ’ ಅಂದಿತ್ತು.

ಆದ್ದರಿಂದ ನನ್ನ ನಿಲುವು ಹೀಗಿದೆ. ಸ್ನಾಯು, ಪೇಶಿಗಳಲ್ಲಿ ಯಾವುದು ಸರಿ ಅಂತ ಜಗಳವಾಡಿ ಪ್ರಯೋಜನ ಇಲ್ಲ. ಸ್ನಾಯು ಎಂಬುದು ಕನ್ನಡದಲ್ಲಿ ನೆಲೆಯಾಗಿದೆ, ಇರಲಿ. ಆದರೆ ಕನ್ನಡದ ರೋಗಿಗಳನ್ನು ನೋಡುವ ನರ್ಸಿಂಗ್ ವಿದ್ಯಾರ್ಥಿಗೆ ಶಾಸ್ತ್ರದ ಪದದ ಜೊತೆಗೆ ರೋಗಿಯ ಪದವನ್ನೂ ಪಾಠವಾಗಿಯೇ ಕಲಿಸಬೇಕು. ‘ನರ’ ಎಂಬ ಒಂದು ಪದದ ಕೆಳಗೆ ಮೂರು ಅಂಗಗಳಿವೆ, ಮೂರಕ್ಕೂ ಆರೈಕೆ ಬೇರೆ. ಸೆಳೆತವಾದರೆ ಕಾಲು ನೀಡಿ ತಿಕ್ಕಬಹುದು. ರಕ್ತ ಹೆಪ್ಪುಗಟ್ಟಿದ ಅನುಮಾನ ಇದ್ದರೆ ತಿಕ್ಕಲೇಬಾರದು. ಅವ್ವ ಎಣ್ಣೆ ತಿಕ್ಕಿದ್ದನ್ನು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಅವಳದ್ದು ತಪ್ಪಲ್ಲ, ಅವಳ ಪದದ ಪ್ರಕಾರ ಅವಳು ಮಾಡಿದ್ದು ಸರಿ.

ತಂಗಿ ತನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾಲ್ಕು ಪ್ರಶ್ನೆ ಬರೆದಿಟ್ಟುಕೊಂಡಿದ್ದಾಳೆ. ರೋಗಿ ‘ನರ’ ಅಂದರೆ ಕೇಳಬೇಕಾದ್ದು: “ಒಂದ ಕಾಲೋ, ಎರಡೂನೋ? ಬಾವು ಬಂದೈತೇನು, ಮುಟ್ಟಿದ್ರ ಬಿಸಿ ಹತ್ತತೈತೇನು? ಜೋಮು ಹಿಡಿತೈತೇನು? ಎಷ್ಟ ದಿನದಿಂದ ಮಲಗೀರಿ?” ಉತ್ತರಗಳನ್ನು ಡಾಕ್ಟರಿಗೆ ಹೇಳೋದು, ಅರ್ಥ ಮಾಡೋದು ಅವರ ಕೆಲಸ. ಎರಡು ವರ್ಷದ ಹಿಂದೆ ಆ ಬೆಂಚಿನ ಮೇಲೆ ಕೂತಿದ್ದಾಗ ನನ್ನ ಹತ್ತಿರ ಈ ನಾಲ್ಕು ವಾಕ್ಯ ಇರಲಿಲ್ಲ.

ಚರ್ಚೆಗೆ ಮುನ್ನ ಒಂದು ವಿನಂತಿ. ಇವತ್ತು ಕೇಳುತ್ತಿರುವವರಲ್ಲಿ ಮೈಸೂರು, ಕರಾವಳಿ, ಕಾಸರಗೋಡು, ಕಲಬುರಗಿ ಕಡೆಯವರೆಲ್ಲ ಇದ್ದೀರಿ. ನಿಮ್ಮ ಮನೆಯ ಹಿರಿಯರು ‘ನರ’, ‘ಸೆಳಕು’, ‘ಜೋಮು’ ಎಂಬ ಪದಗಳನ್ನು ಯಾವ ನೋವಿಗೆ ಬಳಸುತ್ತಾರೆ ಅಂತ ಕೇಳಿ, ಬರೆದು ಕಳಿಸಿ. ಪಟ್ಟಿ ಮಾಡುವ ಕೆಲಸ ನಾನು ಮಾಡುತ್ತೇನೆ, ತಪ್ಪು ತಿದ್ದಲು ತಂಗಿ ಇದ್ದಾಳೆ.