‘ಗೋ’ ಹೋಗಿ ‘ವೆಂಟ್’ ಆದ ಕಥೆ

ಇಂಗ್ಲಿಷ್ ಕಲಿಯುವ ಮಗು ‘ಗೋ’ಗೂ ‘ಎಡ್’ ಅಂಟಿಸಿದರೆ ನಾವು ಗದರುತ್ತೇವೆ, ಅಲ್ವೇ? ಸ್ವಲ್ಪ ಚರಿತ್ರೆ ನೋಡಿ.

ಸಾವಿರ ವರ್ಷದ ಹಿಂದೆ ‘ಹೋದನು’ ಅನ್ನಲು ಇಂಗ್ಲಿಷರು ಹೇಳುತ್ತಿದ್ದದ್ದು ‘ಏಓಡೆ’. ‘ವೆಂಟ್’ ಆಗ ‘ವೆಂಡ್’ ಅನ್ನೋ ಬೇರೆಯೇ ಕ್ರಿಯಾಪದದ ಭೂತಕಾಲ. 15ನೇ ಶತಮಾನದ ಹೊತ್ತಿಗೆ ಅದು ‘ಗೋ’ ಮನೆಗೆ ದತ್ತು ಹೋಯಿತು. ಪಾಪ, ‘ವೆಂಡ್’ಗೆ ಉಳಿದದ್ದು ‘ವೆಂಡೆಡ್’!

‘ಹೆಲ್ಪ್’ನ ಭೂತಕಾಲ ಒಂದು ಕಾಲಕ್ಕೆ ‘ಹೋಲ್ಪ್’ ಎಂದಿತ್ತು. ಅದನ್ನೂ ‘ಎಡ್’ ನುಂಗಿತು. ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಹಾರ್ವರ್ಡ್ ಸಂಶೋಧಕರು 2007ರಲ್ಲಿ ಲೆಕ್ಕಕ್ಕೆ ತೆಗೆದುಕೊಂಡರು. ಅವುಗಳಲ್ಲಿ ಅನಿಯಮಿತವಾಗಿಯೇ ಉಳಿದಿದ್ದವು 98. ದಿನಾ ಬಾಯಲ್ಲಿ ಓಡಾಡುವ ಪದಗಳು ಹೆಚ್ಚಾಗಿ ಬಚಾವಾದವು, ಅಪರೂಪದವು ‘ಎಡ್’ಗೆ ಶರಣಾದವು.

ಮಗು ಮಾಡಿದ್ದು ದಡ್ಡತನವಲ್ಲ. ಆ ಭಾಷೆಯೇ ಸಾವಿರ ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ತಿದ್ದಿ, ಗದರಬೇಡಿ.